ತಿದ್ದಿಕೊಂಡ ಸಾಧನೆ

ಗಣಿತದಲ್ಲಿ ತಪ್ಪಿಗೆ ಎಡೆಯಿಲ್ಲವೆಂದು ಅಧ್ಯಾಪಕರಾದ ನಾವು ಹೇಳುತ್ತಲೇ ಬಂದಿದ್ದೇವೆ. ಆ ಮಾತು ಅರ್ಧಸತ್ಯವೆಂಬುದನ್ನು ನನಗೆ ಮನಗಾಣಿಸಿದ್ದು ಫ್ರಾನ್ಸಿನ ಆನ್ರಿ ಪ್ವಾಂಕರೆಯವರ ದ್ವಿತ್ವ ಪ್ರಮೇಯ.

ಅದರ ತಿರುಳನ್ನು ಉದ್ದಿನ ವಡೆಯಿಂದಲೇ ತಿಳಿಯಬಹುದು. ವಡೆಯ ಮೇಲ್ಮೈಯಲ್ಲಿ ತೂತಿನ ಸುತ್ತ ಒಂದು ದಾರವನ್ನೂ, ತೂತಿನೊಳಗೆ ನುಸುಳಿ ಬರುವಂತೆ ಇನ್ನೊಂದನ್ನೂ ಕಟ್ಟೋಣ. ಮೇಲ್ಮೈಯನ್ನು ಬಿಡದೆ ಅವುಗಳನ್ನು ಚುಕ್ಕಿಯಾಗಿ ಕುಗ್ಗಿಸಲಾಗದು. ಇಂತಹ ಸುತ್ತುಗಳನ್ನು ಎಣಿಸುವುದು ಹೋಮಾಲಜಿ. ಸುತ್ತುಗಳಿಗೆ ಬೆಲೆ ಕಟ್ಟುವ ಅಳತೆಗೋಲುಗಳನ್ನು ಎಣಿಸುವುದು ಕೋಹೋಮಾಲಜಿ. ಎರಡು ದಾರಗಳೂ ಒಂದೇ ಬಿಂದುವಿನಲ್ಲಿ ಸಂಧಿಸುವುದರಿಂದ ಒಂದು ಮತ್ತೊಂದಕ್ಕೆ ಅಳತೆಗೋಲಾಗುತ್ತದೆ. ಆದರೆ ಎಡದಿಂದ ದಾಟಿದರೆ ಧನ, ಬಲದಿಂದ ದಾಟಿದರೆ ಋಣವೆಂದು ಎಣಿಸಬೇಕಾದುದರಿಂದ, ಎಡಬಲಗಳು ಎಲ್ಲೆಡೆಯೂ ಸ್ಥಿರವಾಗಿರಬೇಕು.

ಈ ನಿಬಂಧನೆಯನ್ನೇ ನಾನೊಮ್ಮೆ ಸ್ನಾತಕೋತ್ತರ ತರಗತಿಯಲ್ಲಿ ಮರೆತೆನು. ಅಂಚಿಲ್ಲದ ಎಲ್ಲ ಮೇಲ್ಮೈಗಳಿಗೂ ನಿಯಮ ಅನ್ವಯಿಸುತ್ತದೆಂದು ಹಲಗೆಯ ಮೇಲೆ ಬರೆದೆನು. ಹಿಂದಿನ ಬೆಂಚಿನ ಹುಡುಗನೊಬ್ಬನು ಎದ್ದು, "ಸರ್, ಕ್ಲೈನ್ ಸೀಸೆಗೂ ಹೊಂದುತ್ತದೆಯೇ?" ಎಂದನು. "ಹೊಂದುತ್ತದೆ, ಕುಳಿತುಕೋ" ಎಂದೆನು. ರಾತ್ರಿ ಲೆಕ್ಕ ಹಾಕಿದಾಗ ಹೊಂದಲಿಲ್ಲ. ಆ ಸೀಸೆಯ ಮೇಲೆ ಒಂದು ಸುತ್ತು ಬರುವಷ್ಟರಲ್ಲಿ ಎಡವು ಬಲವಾಗಿಬಿಡುತ್ತದೆ. ಮರುದಿನ ಹಲಗೆಯ ಮೇಲೆ ತಿದ್ದಿದೆನು. ಆದರೆ ತಪ್ಪು ನನ್ನದೆಂದಾಗಲಿ, ಅದನ್ನು ಕಂಡವನು ಅವನೆಂದಾಗಲಿ ಹೇಳಲಿಲ್ಲ. ಆ ವರ್ಷ ಅವನು ಮತ್ತೆ ಪ್ರಶ್ನೆ ಕೇಳಲಿಲ್ಲ.

ಪ್ವಾಂಕರೆಯವರ ನಡತೆ ಬೇರೆ. 1895ರಲ್ಲಿ ಅವರು ಕೊಟ್ಟ ಸಾಧನೆಯಲ್ಲಿ ಲೋಪವಿದೆಯೆಂದು 1898ರಲ್ಲಿ ಡೆನ್ಮಾರ್ಕಿನ ಪೌಲ್ ಹೇಗಾರ್ಡ್ ತಮ್ಮ ಡಾಕ್ಟರೇಟ್ ಪ್ರಬಂಧದಲ್ಲಿ ತೋರಿಸಿದರು. ಆ ವೇಳೆಗೆ ಪ್ವಾಂಕರೆ ಜಗತ್ಪ್ರಸಿದ್ಧರು. ಆದರೂ 1899ರ ಪೂರಕ ಲೇಖನದಲ್ಲಿ ಹೇಗಾರ್ಡರ ಹೆಸರು ಹೇಳಿಯೇ ಹೊಸ ಸಾಧನೆಯನ್ನು ಕಟ್ಟಿದರು. ಘನದ 6 ಮುಖಗಳ ನಡುವೆ ಒಂದೊಂದು ಬಿಂದುವಿಟ್ಟು ಜೋಡಿಸಿದರೆ ಅಷ್ಟಮುಖಿಯಾಗುತ್ತದೆ. ಘನದ 8 ಮೂಲೆಗಳು ಅದರ 8 ಮುಖಗಳಾಗುತ್ತವೆ, 12 ಅಂಚುಗಳು 12 ಆಗಿಯೇ ಉಳಿಯುತ್ತವೆ. ಹೀಗೆ ಒಂದೇ ಆಕಾರವನ್ನು ಎರಡು ಬಗೆಯಲ್ಲಿ ವಿಭಜಿಸಿ ಎಣಿಸುವುದೇ ಆ ಸಾಧನೆಯ ಜೀವಾಳ. 1935ರಲ್ಲಿ ಮಾಸ್ಕೋ ಸಮ್ಮೇಳನದಲ್ಲಿ ಅಲೆಕ್ಸಾಂಡರ್ ಮತ್ತು ಕೋಲ್ಮೊಗೊರೊವ್ ಕೋಹೋಮಾಲಜಿಯನ್ನು ಮಂಡಿಸಿದ ಮೇಲೆ ಪ್ರಮೇಯಕ್ಕೆ ಇಂದಿನ ರೂಪ ಒದಗಿತು. ಒಂದು ಆಕ್ಷೇಪಣೆಯನ್ನು ಗೌರವಿಸಿದ್ದರ ಫಲವಾಗಿ ಪ್ರಮೇಯಕ್ಕೆ ಭದ್ರವಾದ ತಳಹದಿ ದೊರೆಯಿತು.

ಈ ವಿದ್ಯಾಸಂಸ್ಥೆಯ ಅಧ್ಯಾಪಕ ಬಂಧುಗಳಲ್ಲಿ ಹಳೆಯ ವಿದ್ಯಾರ್ಥಿಯ ಬಿನ್ನಹವಿಷ್ಟೇ: ಹಿಂದಿನ ಬೆಂಚಿನಿಂದ ಎದ್ದು ನಿಂತವನನ್ನು ಕೂಡಿಸುವ ಮುನ್ನ ಒಂದು ಕ್ಷಣ ತಡೆಯಿರಿ. ಹಲಗೆಯ ಮೇಲಿನ ತಪ್ಪನ್ನು ನಾನು ಅಳಿಸಿದೆನು. ಆ ಹುಡುಗನ ಮೌನವನ್ನು ಅಳಿಸಲಾರದೆ ಹೋದೆನು.