ಯಲ್ಲಾಪುರದ ಮಳೆ, ಮೊಮ್ಮಗಳ ಗುಂಗುರು

ವಿಜಯಪುರದ ನಮ್ಮ ಮನೆಯಲ್ಲಿ ದಿನಾ ಬೆಳಿಗ್ಗೆ ಏಳೂವರೆಗೆ ಒಂದು ಜಗಳ ನಡೆಯುತ್ತಿತ್ತು. ಒಂದು ಕಡೆ ಕೈಯಲ್ಲಿ ಹಣಿಗೆ ಹಿಡಿದ ನಾನು, ವಿಜ್ಞಾನ ಕಲಿಸಿ ನಿವೃತ್ತಳಾದ ಅಜ್ಜಿ. ಇನ್ನೊಂದು ಕಡೆ ಆರನೇ ತರಗತಿ ಓದುವ ಮೊಮ್ಮಗಳು. ನಡುವೆ ಅವಳ ಗುಂಗುರು ಕೂದಲು.

ಒಣಗಿದ ಕೂದಲಿಗೆ ಹಣಿಗೆ ಹಾಕಿದರೆ ಅದು ಅರ್ಧಕ್ಕೇ ಸಿಕ್ಕಿಕೊಳ್ಳುತ್ತಿತ್ತು. ನಾನು ಜಗ್ಗುತ್ತಿದ್ದೆ, ಅವಳು ಕಿರುಚುತ್ತಿದ್ದಳು. "ಏನ್ ಕೂದಲವ್ವಾ ಇದು, ಜಾಲಿಕಂಟಿ ಆಗೇತಿ!" ಎಂದು ದಿನವೂ ಒಂದು ಸಲವಾದರೂ ನನ್ನ ಬಾಯಿಂದ ಬರುತ್ತಿತ್ತು. ತಮಾಷೆಗೆ ಅಂದದ್ದು ಎಂದೇ ನಾನು ತಿಳಿದಿದ್ದೆ.

ಮೇ ತಿಂಗಳಲ್ಲಿ ಮನೆತನದಲ್ಲೊಂದು ಮದುವೆ. ಅವಳ ಚಿಕ್ಕಮ್ಮ ಬಿಸಿ ಯಂತ್ರ ಹಿಡಿದು ಅವಳ ಕೂದಲನ್ನು ಇಸ್ತ್ರಿ ಮಾಡಿದಂತೆ ನೆಟ್ಟಗೆ ಮಾಡಿದಳು. ಭುಜದ ಮೇಲಿದ್ದ ಕೂದಲು ಬೆನ್ನಿನ ನಡುವಿನವರೆಗೆ ಇಳಿಯಿತು. ಹುಡುಗಿ ಆ ದಿನ ನೂರು ಸಲ ಕನ್ನಡಿ ನೋಡಿಕೊಂಡಳು. ಮೂರನೇ ದಿನ ತಲೆಗೆ ಎರೆದುಕೊಂಡಾಗ ಎಲ್ಲ ಮೊದಲಿನಂತಾಯಿತು. ಅಂದಿನಿಂದ ಅವಳದು ಒಂದೇ ಹಟ, "ಆಯಿ, ಪಾರ್ಲರಿನ್ಯಾಗ ಔಷಧ ಹಚ್ಚಿ ಕಾಯಂ ನೆಟ್ಟಗ ಮಾಡತಾರಂತ. ನಂಗೂ ಮಾಡಸು."

"ಮೊದಲ ಯಲ್ಲಾಪುರಕ್ಕ ಹೋಗಿ ಬರೂಣು, ಬಂದಮ್ಯಾಲೆ ನೋಡೂಣು" ಎಂದು ನಾನು ದಿನ ದೂಡಿದೆ. ಯಲ್ಲಾಪುರದಲ್ಲಿ ನನ್ನ ತಂಗಿ ಶಾಲೆಯ ಶಿಕ್ಷಕಿ. ಮಳೆಗಾಲದಲ್ಲಿ ಒಮ್ಮೆ ಬಾ ಎಂದು ಅವಳು ಕರೆಯುತ್ತಿದ್ದುದು ಇಂದು ನಿನ್ನೆಯ ಮಾತಲ್ಲ.

ಬರೀ ಬಸ್ಸಿನಲ್ಲಿ ಕೂತರೆ ಮಕ್ಕಳಿಗೆ ಬೇಸರ. ಅದಕ್ಕೆ ಹೊರಡುವ ಮುಂಚೆ ಇಬ್ಬರೂ ಸೇರಿ ಒಂದು ಆಟಿಕೆ ಮಾಡಿದೆವು. ಮಕ್ಕಳೇ, ನೀವೂ ಮಾಡಬಹುದು. ಬೂಟಿನ ರಟ್ಟಿನ ಡಬ್ಬಿ ನಿಲ್ಲಿಸಿ. ಒಂದು ಗೇಣಿನಷ್ಟು ಉದ್ದದ ನೆಟ್ಟಗಿನ ಕೂದಲು ತೆಗೆದುಕೊಂಡು ಸಾಬೂನಿನಿಂದ ತೊಳೆದು ಎಣ್ಣೆ ಜಿಡ್ಡು ತೆಗೆಯಿರಿ. ನಮ್ಮದರಲ್ಲಿ ಇದ್ದದ್ದು ನನ್ನ ಬಿಳಿ ಕೂದಲು! ಅದರ ಮೇಲಿನ ತುದಿಯನ್ನು ಡಬ್ಬಿಯ ಮೇಲ್ಭಾಗಕ್ಕೆ ಅಂಟುಪಟ್ಟಿಯಿಂದ ಅಂಟಿಸಿ. ದಪ್ಪ ಕಾಗದದ ಒಂದು ಉದ್ದ ಮುಳ್ಳು ಕತ್ತರಿಸಿ, ಅದರ ಒಂದು ತುದಿಯನ್ನು ಗುಂಡುಸೂಜಿಯಿಂದ ಡಬ್ಬಿಗೆ ಸಡಿಲವಾಗಿ ಚುಚ್ಚಿ. ಸೂಜಿಯಿಂದ ಒಂದು ಬೆರಳಗಲ ದೂರದಲ್ಲಿ ಕೂದಲಿನ ಕೆಳತುದಿಯನ್ನು ಮುಳ್ಳಿಗೆ ಅಂಟಿಸಿ, ಅಲ್ಲೇ ಒಂದು ರೂಪಾಯಿಯ ನಾಣ್ಯವನ್ನೂ ಅಂಟಿಸಿ. ಕೂದಲು ಚೂರು ಉದ್ದವಾದರೂ ಮುಳ್ಳಿನ ತುದಿ ಕೆಳಗಿಳಿಯುತ್ತದೆ. ಬೇಸಿಗೆಯ ಒಣ ಮಧ್ಯಾಹ್ನ ಮುಳ್ಳು ನಿಂತ ಕಡೆ 'ಒಣ' ಎಂದೂ, ಡಬ್ಬಿಯ ಸುತ್ತ ಒದ್ದೆ ಬಟ್ಟೆ ಹೊದಿಸಿ ಒಂದು ತಾಸು ಬಿಟ್ಟಾಗ ನಿಂತ ಕಡೆ 'ಒದ್ದೆ' ಎಂದೂ ಬರೆಯಿರಿ. ನಡುವೆ ಹತ್ತು ಗೆರೆ ಎಳೆಯಿರಿ. ಗಾಳಿಯ ತೇವ ಅಳೆಯುವ ಸಾಧನ ತಯಾರು.

ಇದು ನನ್ನ ತಲೆಯಲ್ಲಿ ಹುಟ್ಟಿದ್ದಲ್ಲ. ಜಿನೀವಾದ ವಿಜ್ಞಾನಿ ಹೊರೇಸ್ ಬೆನೆಡಿಕ್ಟ್ ದ ಸೊಸ್ಯೂರ್ ಕೂದಲಿನ ತೇವಮಾಪಕ ಮಾಡಿ, 1783ರಲ್ಲಿ ಅದರ ಬಗ್ಗೆ ಪುಸ್ತಕವನ್ನೇ ಬರೆದ. ಮನುಷ್ಯನ ಕೂದಲು ಪೂರ್ತಿ ಒಣಗಿದ್ದಕ್ಕಿಂತ ಪೂರ್ತಿ ತೇವವಾದಾಗ ನೂರಕ್ಕೆ ಸುಮಾರು ಎರಡು ಪಾಲು ಉದ್ದವಾಗುತ್ತದೆ. ಇದೇ ಗುಣ ಹಿಡಿದು ಹವಾಮಾನ ಕೇಂದ್ರಗಳಲ್ಲಿ ಬಹಳ ಕಾಲ ಕೂದಲಿನ ಯಂತ್ರಗಳೇ ತೇವ ಅಳೆದವು.

ಜುಲೈನ ಒಂದು ಶನಿವಾರ ನಸುಕಿನಲ್ಲಿ ಬಸ್ ಹತ್ತಿದೆವು. ಹಿಂದಿನ ರಾತ್ರಿ ಹುಡುಗಿ ಚಿಕ್ಕಮ್ಮನನ್ನು ಕಾಡಿ ಬೇಡಿ ಕೂದಲು ನೆಟ್ಟಗೆ ಮಾಡಿಸಿಕೊಂಡಿದ್ದಳು. ಡಬ್ಬಿ ಅವಳ ತೊಡೆಯ ಮೇಲೆ. ಮುಳ್ಳು ಮೂರನೇ ಗೆರೆಯಲ್ಲಿತ್ತು.

ಕೊಲ್ಹಾರದಲ್ಲಿ ಕೃಷ್ಣೆ ತುಂಬಿ ಹರಿಯುತ್ತಿದ್ದಳು. ಬಸ್ ನಿಂತಾಗ ಗಡಿಗೆಯ ಕೆನೆಮೊಸರು ಕೊಂಡೆವು, ಆ ಊರು ದಾಟಿ ಮೊಸರು ಬಿಟ್ಟು ಬರುವವರುಂಟೇ? ಕೆರೂರು, ಕುಳಗೇರಿ ಕ್ರಾಸ್, ನರಗುಂದ, ನವಲಗುಂದ. ಎರಡೂ ಕಡೆ ಕರಿ ಎರೆಮಣ್ಣು, ಮೊಳಕೆಯೊಡೆದ ಹೆಸರು. ಹುಬ್ಬಳ್ಳಿಯಲ್ಲಿ ಬಸ್ ಬದಲಿಸುವಾಗ ಸೋನೆಮಳೆ. ಮುಳ್ಳು ಐದಕ್ಕೆ ಇಳಿದಿತ್ತು. "ಆಯಿ, ನಿನ್ನ ಕೂದಲಾ ಉದ್ದ ಆತು!" ಎಂದು ಅವಳು ಚಪ್ಪಾಳೆ ಹೊಡೆದಳು.

ಕಲಘಟಗಿ ದಾಟಿದ ಮೇಲೆ ನೆಲದ ಬಣ್ಣವೇ ಬದಲಾಯಿತು. ಕೆಂಪು ಮಣ್ಣು, ಭತ್ತದ ಗದ್ದೆ, ಆಮೇಲೆ ಎರಡೂ ಕಡೆ ತೇಗದ ಮರಗಳು. ಕಿರವತ್ತಿ ಬರುವ ಹೊತ್ತಿಗೆ ಬಸ್ಸಿನ ಗಾಜಿನ ಮೇಲೆ ಮಳೆ ಧೋ ಎಂದು ಬಡಿಯುತ್ತಿತ್ತು. ಮುಳ್ಳು ಎಂಟು. ಅದನ್ನು ಹೇಳಲು ತಿರುಗಿದರೆ ಹುಡುಗಿ ಡಬ್ಬಿ ನೋಡುತ್ತಿರಲಿಲ್ಲ. ಗಾಜಿನಲ್ಲಿ ತನ್ನ ಮುಖ ನೋಡುತ್ತಿದ್ದಳು. ಹಣೆಯ ಬಳಿಯ ಕೂದಲು ಒಂದೊಂದಾಗಿ ಮೇಲೆದ್ದು ಸುರುಳಿಯಾಗುತ್ತಿತ್ತು. ಬೆನ್ನಿನ ನಡುವಿದ್ದದ್ದು ಭುಜಕ್ಕೆ ಏರಿತ್ತು. ಯಲ್ಲಾಪುರದಲ್ಲಿ ಇಳಿಯುವಾಗ ತಲೆಯ ಸುತ್ತ ಹತ್ತಿಯ ಉಂಡೆಯಂತೆ ಉಬ್ಬಿ ನಿಂತಿತ್ತು. ಅವಳ ಕಣ್ಣಲ್ಲಿ ನೀರು.

"ಮತ್ತ ಜಾಲಿಕಂಟಿ ಆತು" ಎಂದಳು.

ಅದು ನನ್ನದೇ ಮಾತು. ಆದರೆ ಅವಳ ಬಾಯಲ್ಲಿ ಅದು ತಮಾಷೆಯಾಗಿ ಕೇಳಲಿಲ್ಲ. ಕೊಡೆ ಬಿಚ್ಚುವ ನೆಪದಲ್ಲಿ ನಾನು ಮುಖ ತಿರುಗಿಸಿಕೊಂಡೆ.

ಮರುದಿನ ತಂಗಿ ನಮ್ಮನ್ನು ತನ್ನ ಸಹೋದ್ಯೋಗಿಯ ಮನೆಗೆ ಕರೆದುಕೊಂಡು ಹೋದಳು. ಅಡಿಕೆ ತೋಟ ದಾಟಿ, ಕಾಡಿನಂಚಿನ ಹೆಂಚಿನ ಮನೆ. ಅವರು ಸಿದ್ದಿ ಸಮುದಾಯದ ಶಿಕ್ಷಕಿ. ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಪೋರ್ಚುಗೀಸರು ಮತ್ತು ಅರಬ್ ವ್ಯಾಪಾರಿಗಳು ಗುಲಾಮರನ್ನಾಗಿ ಹಿಡಿದು ತಂದವರ ಪೀಳಿಗೆ ಇದು. ಗೋವಾದಿಂದ ತಪ್ಪಿಸಿಕೊಂಡ ಅನೇಕರು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಯ ಕಾಡುಗಳಲ್ಲಿ ನೆಲೆಯಾದರು. ಉತ್ತರ ಕನ್ನಡದ ಸಿದ್ದಿಗಳನ್ನು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. 2020ರಲ್ಲಿ ಶಾಂತಾರಾಮ ಸಿದ್ದಿಯವರು ನಮ್ಮ ವಿಧಾನ ಪರಿಷತ್ತಿನ ಸದಸ್ಯರಾದರು.

ಜಗಲಿಯಲ್ಲಿ ಅವರ ತಾಯಿ ಹಳೆಯ ಸೀರೆಯ ತುಂಡುಗಳನ್ನು ಜೋಡಿಸಿ ಕವದಿ ಹೊಲಿಯುತ್ತಿದ್ದರು. ಟೀಚರ್ ಒಳಗಿನಿಂದ ಬಂದರು. ಆಗಷ್ಟೇ ತಲೆಗೆ ಸ್ನಾನ ಮಾಡಿದ್ದರು. ಸಣ್ಣ ಸಣ್ಣ ಸುರುಳಿಗಳ ಕಪ್ಪು ಕೂದಲು ಕಿವಿಯವರೆಗೆ ಇತ್ತು. ನನ್ನ ಮೊಮ್ಮಗಳು ಬಾಯಿ ತೆರೆದು ನಿಂತುಬಿಟ್ಟಳು. ನಿಜ ಹೇಳುತ್ತೇನೆ, ನನ್ನ ಕೈಯೂ ಆ ಕೂದಲನ್ನು ಮುಟ್ಟಿ ನೋಡಲು ಅರ್ಧ ಮೇಲೆದ್ದಿತ್ತು.

ಅವರು ಅದನ್ನು ಗಮನಿಸಿದರು. ನಕ್ಕರು, ಆದರೆ ಮಾತು ಸ್ಪಷ್ಟವಾಗಿತ್ತು. "ಅಜ್ಜಿ, ಹಾಸ್ಟೆಲಿನಲ್ಲಿ ಓದುವಾಗ ಎಲ್ಲರೂ ಬಂದು ನನ್ನ ಕೂದಲು ಎಳೆದು ನೋಡುತ್ತಿದ್ದರು. ನಿಜವಾದ್ದಾ ಅಂತ ಕೇಳುತ್ತಿದ್ದರು. ಯಾರೂ ಮುಟ್ಟಲಾ ಅಂತ ಕೇಳಲಿಲ್ಲ. ಅದಕ್ಕೆ ನಾನು ಎರಡು ವರ್ಷ ತಲೆಗೆ ಬಟ್ಟೆ ಕಟ್ಟಿಕೊಂಡೇ ಇದ್ದೆ."

ನಾನು ಕೈ ಕೆಳಗಿಳಿಸಿದೆ. ಮೊಮ್ಮಗಳು ಮೆಲ್ಲಗೆ ಕೇಳಿದಳು, "ಟೀಚರ್, ನಾ ಮುಟ್ಟಲೇನ್ರಿ?"

"ನೀನು ಕೇಳಿದೆಯಲ್ಲ, ಬಾ" ಎಂದು ಪಕ್ಕಕ್ಕೆ ಕೂರಿಸಿಕೊಂಡರು. ಒಂದು ಸುರುಳಿಯನ್ನು ತಾವೇ ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದರು. ಕಿವಿಯ ಬಳಿಯಿದ್ದದ್ದು ಭುಜ ಮುಟ್ಟಿತು! ಬಿಟ್ಟ ಕೂಡಲೇ ಟಣಕ್ಕನೆ ಮೇಲೆ ಹೋಯಿತು. "ನನ್ನ ಕೂದಲು ಗಿಡ್ಡ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಗಿಡ್ಡ ಅಲ್ಲ, ಮಡಚಿ ಇಟ್ಟದ್ದು."

ಆಗ ಹುಡುಗಿ ಕೇಳಿದ ಪ್ರಶ್ನೆಗೆ ಮೂವತ್ತು ವರ್ಷ ವಿಜ್ಞಾನ ಕಲಿಸಿದ ನಾನು ತಬ್ಬಿಬ್ಬಾದೆ. "ಡಬ್ಬಿಯೊಳಗ ತೇವಕ್ಕ ಆಯೀ ಕೂದಲಾ ಉದ್ದ ಆಗತೈತಿ. ಅದ ತೇವಕ್ಕ ನನ್ನ ಕೂದಲಾ ಯಾಕ ಗಿಡ್ಡ ಆಗತಾವ?"

ಟೀಚರ್ ಉತ್ತರ ಹೇಳದೆ ಅವಳನ್ನು ಬೇಲಿಯ ಹತ್ತಿರ ಕರೆದೊಯ್ದರು. ಹಾಗಲಬಳ್ಳಿ ಹಬ್ಬಿತ್ತು. ಅದರ ಸುರುಳಿ ಕುಡಿಯೊಂದನ್ನು ತೋರಿಸಿ, "ಇದನ್ನು ಎಳೆ. ಈಗ ಬಿಡು" ಎಂದರು. ಎಳೆದಾಗ ಗೇಣುದ್ದ, ಬಿಟ್ಟಾಗ ಬೆರಳುದ್ದ. "ಈ ಕುಡಿ ಒಂದೆರಡು ಕೂದಲೆಳೆಯಷ್ಟು ಬೆಳೆದರೂ ಸುರುಳಿ ಬಿಗಿಯಾದರೆ ನಮ್ಮ ಕಣ್ಣಿಗೆ ಗಿಡ್ಡವಾಗಿಯೇ ಕಾಣುತ್ತದೆ, ಅಲ್ಲವಾ?"

ಅಲ್ಲಿಂದ ಮುಂದೆ ನಾನೂ ಸೇರಿಕೊಂಡೆ. ಕೂದಲು ಕೆರಾಟಿನ್ ಎಂಬ ಪ್ರೋಟೀನಿನದು. ಅದರೊಳಗೆ ಎರಡು ಬಗೆಯ ಗಂಟುಗಳಿವೆ. ಗಟ್ಟಿ ಗಂಟು ಗಂಧಕದ್ದು, ನೀರಿಗೆ ಬಿಚ್ಚುವುದಿಲ್ಲ. ಸಡಿಲ ಗಂಟು ಹೈಡ್ರೋಜನ್ನಿನದು, ನೀರು ಸೋಕಿದರೆ ಬಿಚ್ಚಿ, ಒಣಗಿದಾಗ ಮತ್ತೆ ಬೀಳುತ್ತದೆ. ಬಿಸಿ ಯಂತ್ರ ನೀರನ್ನು ಓಡಿಸಿ ಸಡಿಲ ಗಂಟುಗಳನ್ನು ನೆಟ್ಟಗೆ ಕಟ್ಟುತ್ತದೆ. ಕಿರವತ್ತಿಯ ಗಾಳಿ ಅದನ್ನೆಲ್ಲ ಬಿಚ್ಚಿತು, ಕೂದಲು ತನ್ನ ಹುಟ್ಟು ಆಕಾರಕ್ಕೆ ಮರಳಿತು. ಪಾರ್ಲರಿನ ಔಷಧ ಗಟ್ಟಿ ಗಂಟನ್ನೇ ಒಡೆಯುತ್ತದೆ, ಅದಕ್ಕೇ ಅದು ಕಾಯಂ. ಆದರೆ ಹಚ್ಚಿದಷ್ಟಕ್ಕೆ ಮಾತ್ರ. ನೆತ್ತಿಯೊಳಗಿನ ಕೂದಲಿನ ಬುಡವೇ ಬಾಗಿರುವುದರಿಂದ ಹೊಸದಾಗಿ ಬರುವ ಕೂದಲು ಗುಂಗುರಾಗಿಯೇ ಬರುತ್ತದೆ.

"ಮತ್ತ ಉಬ್ಬತೈತಿ ಯಾಕ?" ಎಂದಳು.

"ನೀನು ಒಣಗಿದ ಮೇಲೆ ಬಾಚುತ್ತೀಯಲ್ಲ, ಅದಕ್ಕೆ. ಒಟ್ಟಿಗೆ ಸುತ್ತಿಕೊಂಡ ಕೂದಲುಗಳನ್ನು ಹಣಿಗೆ ಬೇರೆ ಬೇರೆ ಮಾಡುತ್ತದೆ. ಆಮೇಲೆ ಒಂದೊಂದೂ ತೇವ ಕುಡಿದು ತನಗೆ ಬೇಕಾದ ಕಡೆ ತಿರುಗುತ್ತದೆ."

ನಾನು ಸುಮ್ಮನಿದ್ದೆ. ಬಾಚುತ್ತಿದ್ದುದು ಅವಳಲ್ಲ, ನಾನು.

ಆ ಮಧ್ಯಾಹ್ನ ಟೀಚರ್ ತಾವೇ ಮಾಡಿ ತೋರಿಸಿದರು. ದಾಸವಾಳದ ಎಲೆ ಕಿವುಚಿ ತೆಗೆದ ಲೋಳೆಯಿಂದ ತಲೆ ತೊಳೆದರು. ನೀರು ತೊಟ್ಟಿಕ್ಕುವಾಗಲೇ ಮೊದಲು ಬೆರಳಿನಿಂದ, ಆಮೇಲೆ ಅಗಲ ಹಲ್ಲಿನ ಹಣಿಗೆಯಿಂದ ಸಿಕ್ಕು ಬಿಡಿಸಿದರು. ನೆತ್ತಿಯಿಂದ ಕೆಳಗಲ್ಲ, ತುದಿಯಿಂದ ಶುರುಮಾಡಿ ಸ್ವಲ್ಪ ಸ್ವಲ್ಪವೇ ಮೇಲಕ್ಕೆ. ಟವೆಲ್ಲಿನಿಂದ ಉಜ್ಜಲಿಲ್ಲ, ಹಳೆಯ ಮೆತ್ತನೆ ಹತ್ತಿ ಸೀರೆಯ ತುಂಡಿನಿಂದ ಹಿಡಿ ಹಿಡಿಯಾಗಿ ಒತ್ತಿದರು. ಒದ್ದೆಯಿರುವಾಗಲೇ ನಾಲ್ಕು ಹನಿ ಕೊಬ್ಬರಿ ಎಣ್ಣೆಯನ್ನು ಅಂಗೈಗೆ ಸವರಿ ಕೂದಲಿಗೆ ಹಚ್ಚಿದರು. "ಎಣ್ಣೆ ಹೊರಗಿನ ತೇವವನ್ನು ಸ್ವಲ್ಪ ತಡೆಯುತ್ತದೆ. ಆಮೇಲೆ ಮುಟ್ಟಬಾರದು, ಒಣಗಲು ಬಿಡಬೇಕು." ಉದ್ದ ಕಾಣಬೇಕಾದ ದಿನ ಮುಕ್ಕಾಲು ಒಣಗಿದಾಗ ಸಡಿಲವಾಗಿ ಎರಡು ಜಡೆ ಹಾಕಿ ಮಲಗಿದರಾಯಿತು, ಬೆಳಿಗ್ಗೆ ಬಿಚ್ಚಿದರೆ ಸುರುಳಿ ಅಷ್ಟು ಕುಗ್ಗಿರುವುದಿಲ್ಲವಂತೆ. "ಬಿಗಿ ಜಡೆ ಮಾತ್ರ ಬೇಡ ಅಜ್ಜಿ, ಹಣೆಯ ಮೇಲಿನ ಕೂದಲು ಬುಡಸಮೇತ ಬರುತ್ತದೆ."

"ಮಳಿಯಾಗ ಏನೂ ಆಗಬಾರದಂದ್ರ?" ಹುಡುಗಿಯ ಕೊನೆಯ ಪ್ರಯತ್ನ.

ಕವದಿ ಹೊಲಿಯುತ್ತಿದ್ದ ಅಜ್ಜಿ ಮೊದಲ ಬಾರಿಗೆ ತಲೆಯೆತ್ತಿದರು. "ಮಳೆ ಬಂದಾಗ ಬಾಗಿಲೂ ಉಬ್ಬುತ್ತದೆ ಮಗಾ. ಅದಕ್ಕೆ ಬಾಗಿಲು ಕಿತ್ತು ಹಾಕುತ್ತಾರಾ?"

ಎಲ್ಲರೂ ನಕ್ಕೆವು. ಅವರು ಮತ್ತೆ ಸೂಜಿಗೆ ದಾರ ಪೋಣಿಸಿಕೊಂಡರು.

ಮಾರನೆಯ ದಿನ ಮಾಗೋಡು ಜಲಪಾತಕ್ಕೆ ಹೋದೆವು. ಬೇಡ್ತಿ ನದಿ ಬಂಡೆಗಳ ನಡುವೆ ಸುಮಾರು 200 ಮೀಟರ್ ಆಳಕ್ಕೆ ಧುಮುಕುತ್ತದೆ. ಮಂಜು ಸರಿದಾಗ ಒಂದು ಕ್ಷಣ ಕಂಡಿತು, ಮತ್ತೆ ಮುಚ್ಚಿಕೊಂಡಿತು. ಉಳಿದ ಹೊತ್ತೆಲ್ಲ ಬರೀ ಸದ್ದು. ಡಬ್ಬಿಯ ಮುಳ್ಳು 'ಒದ್ದೆ' ಮುಟ್ಟಿತ್ತು. ಹುಡುಗಿಯ ಕೂದಲು ಕುಗ್ಗಿತ್ತು, ನಿಜ. ಆದರೆ ಹತ್ತಿಯ ಉಂಡೆಯಾಗಿರಲಿಲ್ಲ. ಸುರುಳಿ ಸುರುಳಿಯಾಗಿ, ಒಂದೊಂದರ ತುದಿಯಲ್ಲೂ ಒಂದು ಹನಿ. ಅವಳು ಟೊಪ್ಪಿಗೆ ತೆಗೆದು ನಿಂತಿದ್ದಳು. ನಾನು ಫೋಟೋ ತೆಗೆಯಲಾ ಎಂದೆ. ಹೂಂ ಎಂದಳು. ಇತ್ತೀಚೆಗೆ ಅವಳು ಫೋಟೋದಲ್ಲಿ ಹಿಂದಿನ ಸಾಲಿಗೆ ಹೋಗುತ್ತಿದ್ದಳು ಎಂಬುದು ನನಗೆ ಆಗ ನೆನಪಾಯಿತು.

ಮರಳುವ ಬಸ್ಸಿನಲ್ಲಿ ಕಲಘಟಗಿ ದಾಟಿದ ಮೇಲೆ ನಾನೇ ಮಾತೆತ್ತಿದೆ. "ನಿನ್ನ ಕೂದಲಕ್ಕ ಜಾಲಿಕಂಟಿ ಅಂತಿದ್ನೆಲ್ಲ, ತಪ್ಪಾತು ಪುಟ್ಟಿ. ಇನ್ನಮ್ಯಾಲೆ ಅನ್ನೂದಿಲ್ಲ."

ಅವಳು ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡಿದಳು. "ಸಾಲ್ಯಾಗೂ ಹಂಗ ಅಂತಾರ. ಅವರಿಗೆ ನಾನ ಹೇಳಕೊಟ್ಟಿದ್ದೆ. ನಮ್ಮ ಆಯಿ ಹಿಂಗ ಅಂತಾಳಂತ" ಎಂದಳು.

ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಅವಳ ಕೈ ಹಿಡಿದುಕೊಂಡು ಕೂತೆ.

ಪಾರ್ಲರಿನ ಮಾತು ಪೂರ್ತಿ ಮುಗಿದಿದೆ ಎಂದು ಹೇಳಲಾರೆ. ದೊಡ್ಡವಳಾದ ಮೇಲೆ ಅವಳಿಗೆ ಬೇಕೆನಿಸಿದರೆ ಮಾಡಿಸಿಕೊಳ್ಳಲಿ, ಅದು ಅವಳ ತಲೆ. ಸದ್ಯಕ್ಕೆ ರಟ್ಟಿನ ಡಬ್ಬಿ ನಮ್ಮ ಅಡುಗೆಮನೆಯ ಗೂಡಿನಲ್ಲಿದೆ. ಬೆಳಿಗ್ಗೆ ಏಳೂವರೆಗೆ ಅವಳು ಮುಳ್ಳು ನೋಡಿ ಹೇಳುತ್ತಾಳೆ, "ಆಯಿ, ಇವತ್ತ ನಾಕು. ಬಿಟ್ಟರೂ ನಡೀತೈತಿ." ಇಲ್ಲವೇ, "ಇವತ್ತ ಆರು, ಹೆರಳ ಹಾಕು, ಸಡಿಲ." ನಾನು ತಂಬಿಗೆಯಲ್ಲಿ ನೀರು ತಂದು ಮೊದಲು ಅವಳ ಕೂದಲು ಒದ್ದೆ ಮಾಡುತ್ತೇನೆ. ಆಮೇಲೆ ಕೇಳುತ್ತೇನೆ, "ಹಣಿಗಿ ಹಚ್ಚಲೇನವ್ವಾ?"