ಅಡವಿಟ್ಟ ಮನೆ

ಹೊಲವನ್ನು ಒತ್ತಿ ಹಾಕಿದ ಸಂಗತಿಯನ್ನು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಯ ಗೃಹಸ್ಥನು ನಾಲ್ವರ ಮುಂದೆ ಹೇಳಿಕೊಳ್ಳುವನು. ಇರುವ ಮನೆಯನ್ನು ಅಡವಿಟ್ಟ ಸಂಗತಿಯನ್ನು ಮಾತ್ರ ಮನೆಯೊಳಗಿನವರಿಗೂ ಹೇಳಲಾರನು. ಮಳೆ ಹೋದುದರಿಂದ ಹೊಲ ಒತ್ತಿಬಿದ್ದಿತೆಂದರೆ ಜನರು ಮರುಗುವರು. ಮನೆಗೆ ಬೀಗ ಬಿದ್ದಿತೆಂದರೆ ಮನೆತನದ ಹೆಸರೇ ಹೋಯಿತೆಂದು ಬಗೆಯುವರು. ದತ್ತಕವನ್ನು ಒಪ್ಪದ ಕುಂಪಣಿ ಸರಕಾರದೆದುರು 1824ರಲ್ಲಿ ನಿಂತ ರಾಣಿ ಚೆನ್ನಮ್ಮನ ನಾಡಿದು. ಸೆರೆಯಲ್ಲಿದ್ದು 1829ರಲ್ಲಿ ಆಕೆಯು ದೇಹವಿಟ್ಟುದೂ ಬೈಲಹೊಂಗಲದಲ್ಲಿಯೇ. ಇಂಥ ಸೀಮೆಯವರಲ್ಲಿ ಮನೆತನದ ಅಭಿಮಾನವು ಬಲವಾಗಿರುವದು ಸಹಜವೇ. ಆದರೆ ಸಾಲದ ವಿಷಯದಲ್ಲಿ ಆ ಅಭಿಮಾನವು ಮೌನವಾಗಿ ಪರಿಣಮಿಸುವದು. ಮೌನವು ಮನೆಯನ್ನೇ ಕಳೆಯುವದು.

ಬ್ಯಾಂಕಿನ ಲಕೋಟೆಯು ಬಂದಾಗ ಅದನ್ನು ಒಡೆದು ಓದದೆ, ಗೋಡೆಯ ಮಾಡದಲ್ಲಿ ಪಂಚಾಂಗದ ಕೆಳಗೆ ಸೇರಿಸಿಡುವ ಯಜಮಾನರು ಊರೂರಿಗೂ ಉಂಟು. ಹತ್ತಿಯ ಪಟ್ಟಿ ಕೈಸೇರಲಿ, ಆಮೇಲೆ ನೋಡೋಣವೆಂದು ಒಕ್ಕಲಿಗನು ಎಣಿಸುವನು; ಹಬ್ಬಕ್ಕೆ ಸೀರೆಗಳು ಮಾರಾಟವಾಗಲೆಂದು ನೇಕಾರನು ಕಾಯುವನು. ಕಾಯುವದು ತಪ್ಪಲ್ಲ. ಆದರೆ ಲಕೋಟೆಯೊಳಗಿನ ದಿನಗಳು ಇವರಿಗಾಗಿ ಕಾಯುವದಿಲ್ಲ.

ಅಡವಿನ ವಿಚಾರವು ಈ ನಾಡಿಗೆ ಹೊಸದಲ್ಲ. ಧರ್ಮಶಾಸ್ತ್ರಕಾರರು ಇದನ್ನು ‘ಆಧಿ’ಯೆಂದು ಕರೆದರು. ಸಾಲವು ಬಡ್ಡಿಯೊಡನೆ ಇಮ್ಮಡಿಯಾದರೂ ಬಿಡಿಸಿಕೊಳ್ಳದಿದ್ದಲ್ಲಿ ಆಧಿಯು ಸಾಲಗಾರನ ಕೈತಪ್ಪುವದೆಂದೂ, ಫಲವನ್ನುಣ್ಣಲು ಕೊಟ್ಟ ಭೋಗ್ಯದ ಆಧಿಯು ಮಾತ್ರ ಎಂದಿಗೂ ನಾಶವಾಗದೆಂದೂ ಯಾಜ್ಞವಲ್ಕ್ಯನು ವಿಧಿಸಿದನು. ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಆ ಸ್ಮೃತಿಗೆ ಬರೆದ ಮಿತಾಕ್ಷರೆಯು ಕರ್ನಾಟಕದಲ್ಲಿಯೇ ಹುಟ್ಟಿದ ಗ್ರಂಥ. ಅವಧಿ ತುಂಬಿದ ಮೇಲೆಯೂ ಧನಿಕನು ಎರಡು ವಾರ ಕಾಯತಕ್ಕದ್ದೆಂಬುದು ಬೃಹಸ್ಪತಿಯ ಮತ. ಬಾಕಿ ಬಡ್ಡಿಯು ಅಸಲನ್ನು ಮೀರಬಾರದೆಂಬ ‘ದಾಮದುಪ್ಪಟ್ಟಿನ’ ನಿಯಮವನ್ನು ಮುಂಬಯಿ ಪ್ರಾಂತದ ಕೋರ್ಟುಗಳೂ ಹಿಂದೂ ಸಾಲಗಾರರಿಗೆ ಅನ್ವಯಿಸುತ್ತಿದ್ದವು. 1,000 ರೂಪಾಯಿ ಅಸಲಿಗೆ ಒಮ್ಮೆಲೇ 1,000 ರೂಪಾಯಿಗಿಂತ ಹೆಚ್ಚು ಬಡ್ಡಿಯನ್ನು ವಸೂಲು ಮಾಡುವಂತಿರಲಿಲ್ಲ. ಸಾಲವನ್ನು ತೀರಿಸುವದು ಧರ್ಮ, ಸಾಲಗಾರನಿಗೆ ಉಸಿರಾಡಲು ಸಮಯ ಕೊಡುವದೂ ಧರ್ಮ: ಇವೆರಡೂ ಒಟ್ಟಿಗೇ ನಡೆದು ಬಂದಿವೆ.

ಈ ಎರಡನೆಯ ಧರ್ಮವನ್ನು ಮರೆತಾಗ ಏನಾಗುವದೆಂಬುದನ್ನು 1875ರಲ್ಲಿ ಪುಣೆ, ಅಹಮದನಗರಗಳ ರೈತರು ಸಾವಕಾರರ ಪತ್ರಗಳನ್ನು ಸುಟ್ಟು ತೋರಿಸಿದರು. ಅದರ ಫಲವಾಗಿ 1879ರಲ್ಲಿ ದಖ್ಖನ ರೈತರ ಪರಿಹಾರದ ಕಾಯದೆಯು ಹುಟ್ಟಿತು. 1882ರ ಸ್ವತ್ತು ವರ್ಗಾವಣೆಯ ಕಾಯದೆಯು ಅಡವನ್ನು ಬಿಡಿಸಿಕೊಳ್ಳುವ ಹಕ್ಕನ್ನು ಸಾಲಗಾರನಿಗೆ ಸ್ಪಷ್ಟವಾಗಿ ಕೊಟ್ಟಿತು. ಭೋಗ್ಯದ ಅಡವನ್ನು ಬಿಡಿಸಿಕೊಳ್ಳುವ ಹಕ್ಕು, ಅಡವಿಟ್ಟ ದಿನದಿಂದ 30 ವರ್ಷಗಳಾದವೆಂಬ ಮಾತ್ರಕ್ಕೆ ಅಳಿಯದೆಂದು ಸುಪ್ರೀಂ ಕೋರ್ಟು 2014ರಲ್ಲಿ ತೀರ್ಮಾನಿಸಿತು. ಯಾಜ್ಞವಲ್ಕ್ಯನ ಮಾತು ಇಲ್ಲಿ ಬೇರೊಂದು ದಾರಿಯಿಂದ ಮರಳಿ ಬಂದಂತಿದೆ.

ಆದರೆ ಇದೇ ಕಾಯದೆಯಲ್ಲಿ ಬಡವನ ಕಾಲಿಗೆ ತೊಡರುವ ಒಂದು ಬೇರುಂಟು. ಸಾವಕಾರನು ಸಾಲ ಕೊಡುವಾಗ ‘ಒತ್ತಿಪತ್ರ ಬೇಡ, ಖರೀದಿಪತ್ರವನ್ನೇ ಬರೆದುಕೊಡು, ಹಣ ಕೊಟ್ಟ ದಿನ ತಿರುಗಿ ಬರೆದುಕೊಡುವೆನು’ ಎನ್ನುವನು. ಗೃಹಸ್ಥನು ನಂಬಿ ಸಹಿ ಮಾಡುವನು. ತಿರುಗಿ ಕೊಡುವ ಶರ್ತು ಆ ಖರೀದಿಪತ್ರದಲ್ಲಿಯೇ ಇಲ್ಲದಿದ್ದರೆ ಅದನ್ನು ಶರ್ತಿನ ಖರೀದಿಯ ಅಡವೆಂದು ಎಣಿಸಲಾಗದೆಂದು 1929ರ ತಿದ್ದುಪಡಿಯು ಹೇಳುತ್ತದೆ. ಬೇರೆ ಕಾಗದದಲ್ಲಿ ಬರೆದ ಮಾತಾಗಲಿ, ದೇವರ ಮುಂದೆ ಮುಟ್ಟಿ ಹೇಳಿದ ಮಾತಾಗಲಿ ಆ ಪತ್ರವನ್ನು ಅಂಥ ಅಡವಾಗಿ ಮಾಡಲಾರದು. ಹೀಗೆ ಸಾಲವೆಂದು ತಿಳಿದು ಮನೆಯನ್ನೇ ಮಾರಿದವರಿಗೆ ಪಶ್ಚಾತ್ತಾಪವೊಂದೇ ಉಳಿಯುವದು.

ಬ್ಯಾಂಕುಗಳ ವಿಷಯವು ಬೇರೆ. 2002ರ ಸರ್ಫೇಸಿ ಕಾಯದೆಯ ಪ್ರಕಾರ ಅವು ದಿವಾಣಿ ಕೋರ್ಟಿನಲ್ಲಿ ದಾವೆ ಹೂಡದೆಯೇ ಅಡವಿನ ಮನೆಯನ್ನು ವಶಪಡಿಸಿಕೊಂಡು ಮಾರಬಹುದು. ಸಹಕಾರಿ ಬ್ಯಾಂಕುಗಳಿಗೂ ಈ ಅಧಿಕಾರವುಂಟೆಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿತು. ಕಂತುಗಳು 90 ದಿನಗಳಿಗಿಂತ ಹೆಚ್ಚು ಬಾಕಿಯಾದರೆ ಆ ಸಾಲವು ಕೆಟ್ಟ ಸಾಲಗಳ ಸಾಲಿಗೆ ಸೇರುವದು. ಬಳಿಕ ಬರುವದೇ 60 ದಿನಗಳ ನೋಟೀಸು. ಅದಕ್ಕೆ ಸಾಲಗಾರನು ಲಿಖಿತ ತಕರಾರು ಕೊಟ್ಟರೆ ಬ್ಯಾಂಕು 15 ದಿನಗಳೊಳಗೆ ಕಾರಣಸಹಿತ ಉತ್ತರ ಕೊಡಲೇಬೇಕು. ಸ್ವಾಧೀನದ ಕ್ರಮ ನಡೆದರೆ 45 ದಿನಗಳೊಳಗೆ ಸಾಲ ವಸೂಲಿ ನ್ಯಾಯಮಂಡಳಿಗೆ ಮೊರೆಯಿಡಬಹುದು. ಲಿಲಾವಿನ ಪ್ರಕಟಣೆ ಹೊರಡುವ ಮೊದಲು ಪೂರ್ತಿ ಬಾಕಿಯನ್ನೂ ವೆಚ್ಚವನ್ನೂ ಕಟ್ಟಿದರೆ ಮನೆ ಉಳಿಯುವದು. 2016ರ ತಿದ್ದುಪಡಿಯ ತರುವಾಯ ಆ ಗಡಿಯನ್ನು ದಾಟಿದವನಿಗೆ ಈ ಹಕ್ಕಿಲ್ಲ. ಲಿಲಾವಿನಲ್ಲಿ ಬಾಕಿಗಿಂತ ಹೆಚ್ಚು ಬಂದ ಹಣವು ಮನೆಯೊಡೆಯನದೇ. ಸಾಗುವಳಿಯ ಭೂಮಿಗೆ ಈ ಕಾಯದೆಯು ಹತ್ತದು; ಅಸಲು ಬಡ್ಡಿಗಳಲ್ಲಿ ಶೇಕಡಾ 20ಕ್ಕಿಂತ ಕಡಿಮೆ ಉಳಿದ ಸಾಲಕ್ಕೂ ಹತ್ತದು. ಪತ್ತಿನ ಸಹಕಾರಿ ಸಂಘಗಳ ಬಾಕಿಯ ತಂಟೆಯು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯದೆಯ 70ನೆಯ ಕಲಮಿನಂತೆ ನಿಬಂಧಕರ ಮುಂದೆ ಹೋಗುವದು. ಅಲ್ಲಿಯೂ ಹಾಜರಾಗಿ ಮಾತನಾಡುವವನಿಗೇ ಲಾಭ.

ಬೀಗದ ಕ್ರೌರ್ಯವೆಂಥದೆಂಬುದು ಬೆಳಗಾವಿ ಜಿಲ್ಲೆಗೆ ದೂರದ ಸುದ್ದಿಯಲ್ಲ. 2025ರ ಜನವರಿಯಲ್ಲಿ ಮೂಡಲಗಿ ತಾಲೂಕಿನ ನಾಗನೂರಿನಲ್ಲಿ ಬಾಣಂತಿಯೂ ಹಸುಗೂಸೂ ಇದ್ದ ಕುಟುಂಬವು ಸಾಲದ ಬಾಕಿಗಾಗಿ ಮನೆಯ ಹೊರಗೆ ನಿಲ್ಲಬೇಕಾಯಿತು. ಅದೇ ವರ್ಷ ರಾಜ್ಯ ಸರಕಾರವು ಸಣ್ಣ ಸಾಲಗಳ ಬಲಾತ್ಕಾರದ ವಸೂಲಿಯನ್ನು ತಡೆಯಲು ಕಾನೂನು ತಂದಿತು. ಕಾನೂನು ಒಳ್ಳೆಯದೇ, ಆದರೆ ಬಾಣಂತಿಯು ಬೀದಿಗೆ ಬರುವ ಮೊದಲು ಕಳೆದ ತಿಂಗಳುಗಳನ್ನು ಯಾವ ಕಾನೂನೂ ಮರಳಿಸದು.

ಹಾಗಾದರೆ ಗೃಹಸ್ಥನು ಮಾಡತಕ್ಕದ್ದೇನು? ಮೊದಲನೆಯ ಕಂತು ತಪ್ಪುವ ಮುನ್ನವೇ ಶಾಖೆಗೆ ಹೋಗಿ ಕಾರಣವನ್ನು ಬರೆದುಕೊಟ್ಟು ಪೋಚು ಪಡೆಯಬೇಕು. ಅವಧಿಯನ್ನು ಹೆಚ್ಚಿಸಿ ಕಂತನ್ನು ಇಳಿಸಬೇಕೆಂದು ಕೇಳಬೇಕು. 2019ರ ಆಗಸ್ಟಿನಲ್ಲಿ ಮಲಪ್ರಭೆಯ ನೆರೆಯು ದಂಡೆಯ ಮನೆಗಳನ್ನು ಕೆಡವಿದಂಥ ಆಪತ್ತಿನಲ್ಲಿ ಇಂಥ ಬೇಡಿಕೆಗೆ ಹೆಚ್ಚಿನ ಬಲವುಂಟು. ಮನೆಯ ಸಾಲವನ್ನು ತೀರಿಸಲು ಮೀಟರು ಬಡ್ಡಿಯ ಕೈಗಡವನ್ನು ತರಬಾರದು. ಅದು ಬೆಂಕಿಯನ್ನು ಎಣ್ಣೆಯಿಂದ ಆರಿಸಿದಂತೆ. ಎರಡು ಎಕರೆ ಹೊಲವನ್ನೋ ಖುಲ್ಲಾ ಜಾಗೆಯನ್ನೋ ತಾನೇ ಸಕಾಲದಲ್ಲಿ ಮಾರಿದರೆ ಬರುವ ಬೆಲೆಯು ಲಿಲಾವಿನಲ್ಲಿ ಬರುವದು ಕಷ್ಟ. ಹೊಂದಾಣಿಕೆಗೆ ಲೋಕ ಅದಾಲತ್ತು ಇದೆ. ಅಲ್ಲಿ ಶುಲ್ಕವಿಲ್ಲ, ಅದರ ತೀರ್ಪು ಕೋರ್ಟಿನ ಡಿಕ್ರಿಗೆ ಸಮಾನ. 1987ರ ಕಾಯದೆಯಂತೆ ಹೆಂಗಸರಿಗೆ, ಅವರ ಆದಾಯವೆಷ್ಟೇ ಇರಲಿ, ಉಚಿತ ಕಾನೂನು ನೆರವುಂಟು.

ಈ ಕಡೆಯ ಮಾತು ಮನೆಯೊಡತಿಯರಿಗೆ ಮುಖ್ಯವಾದುದು. ಸಾಲಪತ್ರದ ಮೇಲೆ ಜೊತೆಗಾರ್ತಿಯೆಂದು ಅವಳ ಸಹಿಯನ್ನೂ ಪಡೆದಿರುತ್ತಾರೆ. ಆದರೆ ಬಾಕಿಯ ಸುದ್ದಿಯು ಎಲ್ಲರಿಗಿಂತ ಕೊನೆಗೆ ಅವಳಿಗೆ ತಿಳಿಯುವದು. ಅವಳಿಗೆ ಮೊದಲೇ ತಿಳಿಸಿದ್ದರೆ ಕಿವಿಯ ಬಂಗಾರವೋ ತವರಿನ ಅಣ್ಣನ ನೆರವೋ ಹೊಸ್ತಿಲನ್ನು ಕಾಯುತ್ತಿತ್ತು. ಗಂಡನ ಮಾನವನ್ನು ಕಾಯಲು ಅವಳಿಗಿಂತ ಹೆಚ್ಚಿನ ಕಾಳಜಿಯುಳ್ಳವರು ಊರಲ್ಲಿ ಮತ್ತಾರೂ ಇರುವದಿಲ್ಲ.

ಸಾಲ ತೀರಿದ ಮೇಲೆಯೂ ಒಂದು ಕೆಲಸ ಉಳಿಯುವದು. 2023ರ ಡಿಸೆಂಬರ್ 1ರಿಂದ ರಿಸರ್ವ್ ಬ್ಯಾಂಕಿನ ಆಜ್ಞೆಯಂತೆ ಬ್ಯಾಂಕುಗಳು ಮೂಲ ಪತ್ರಗಳನ್ನು 30 ದಿನಗಳೊಳಗೆ ಮರಳಿಸಬೇಕು. ತಮ್ಮಿಂದಲೇ ತಡವಾದರೆ ದಿನಕ್ಕೆ 5,000 ರೂಪಾಯಿ ತೆರಬೇಕು. ಆ ಪತ್ರಗಳನ್ನು ಪಡೆದು, ಉತಾರದಲ್ಲಿಯ ಬೋಜಾವನ್ನು ತೆಗೆಯಿಸಿ, ಹೊಸ ಉತಾರವನ್ನು ಮಕ್ಕಳಿಂದ ಒಮ್ಮೆ ಗಟ್ಟಿಯಾಗಿ ಓದಿಸಬೇಕು. ತಂದೆ ತೀರಿಸಿದ ಸಾಲವು ಕಾಗದದಲ್ಲಿ ಹಾಗೆಯೇ ನಿಂತಿದ್ದರೆ ಮಗನು ಅದನ್ನು ಮತ್ತೊಮ್ಮೆ ಹೊರಬೇಕಾದೀತು.