ವಾಕ್ಯಗಳ ಕುಟುಂಬ

ಇಂಗ್ಲಿಷು ವ್ಯಾಕರಣವನ್ನು ಓದುವ ನಮ್ಮ ಮಕ್ಕಳು ಬಹುಮಟ್ಟಿಗೆ ಎಡವುವುದು ವಾಕ್ಯಭೇದಗಳ ಪಾಠದಲ್ಲಿಯೇ ಎಂಬುದನ್ನು ನಾವು ಅನೇಕ ವೇಳೆ ಕಂಡಿದ್ದೇವೆ. ಸಾಮಾನ್ಯ, ಸಂಯೋಜಿತ, ಮಿಶ್ರ ಎಂಬ ಹೆಸರುಗಳು ಅವರಿಗೆ ಬಾಯಿಪಾಠವಾಗಿರುತ್ತವೆ. ಆದರೆ ವಾಕ್ಯವೊಂದನ್ನು ಮುಂದಿಟ್ಟು ಕೇಳಿದರೆ, ‘ಅಂಡ್’ ಇರುವುದೆಲ್ಲ ಸಂಯೋಜಿತ, ಉದ್ದವಾದುದೆಲ್ಲ ಮಿಶ್ರ ಎಂದುಬಿಡುತ್ತಾರೆ; ಉತ್ತರ ತಪ್ಪಿದೊಡನೆ ಮನೆಯವರಿಂದ ದಡ್ಡರೆನಿಸಿಕೊಳ್ಳುತ್ತಾರೆ. ಈ ತೀರ್ಪು ನ್ಯಾಯವಾದುದಲ್ಲವೆಂದು ನಮ್ಮ ಅಭಿಪ್ರಾಯ.

‘ರಾಮ ಅಂಡ್ ಕೃಷ್ಣ ವೆಂಟ್ ಹೋಮ್’ ಎಂಬಲ್ಲಿ ‘ಅಂಡ್’ ಇದ್ದರೂ ಅದು ಸಾಮಾನ್ಯ ವಾಕ್ಯವೇ; ಏಕೆಂದರೆ ಇಬ್ಬರಿಗೂ ಸೇರಿ ಕ್ರಿಯಾಪದವೊಂದೇ. ವಿಂಗಡಣೆಗೆ ಆಧಾರವು ಉದ್ದವಲ್ಲ, ಉಪವಾಕ್ಯಗಳ ಅಂತಸ್ತು. ಇದನ್ನು ಸಂಸಾರದ ದೃಷ್ಟಾಂತದಿಂದ ತಿಳಿಯಬಹುದು. ‘ದಿ ರೇನ್ ಸ್ಟಾಪ್ಡ್ ಅಂಡ್ ದಿ ಸನ್ ಕೇಮ್ ಔಟ್’ ಎಂಬುದು ಬೇರೆ ಬೇರೆ ಒಲೆ ಹೂಡಿದ ಅಣ್ಣತಮ್ಮಂದಿರಂತೆ. ನಡುವಣ ‘ಅಂಡ್’ ಎಂಬುದನ್ನು ತೆಗೆದರೂ ಇಬ್ಬರೂ ತಮ್ಮ ಕಾಲಮೇಲೆ ನಿಲ್ಲುತ್ತಾರೆ. ಇದು ಸಂಯೋಜಿತ. ‘ವೆನ್ ದಿ ರೇನ್ ಸ್ಟಾಪ್ಡ್’ ಎಂದಷ್ಟೇ ಹೇಳಿ ಸುಮ್ಮನಾದರೆ ಕೇಳುವವರು ಮುಂದಿನ ಮಾತಿಗಾಗಿ ಕಾಯುತ್ತಾರೆ. ಅದು ಯಜಮಾನನನ್ನು ನೆಚ್ಚಿದ ಅಧೀನವಾಕ್ಯ. ಅಂಥದು ಸೇರಿದರೆ ಮಿಶ್ರವಾಕ್ಯ. ಅಧೀನವಾಕ್ಯವು ಆ ಮನೆಯಲ್ಲಿ ನಾಮಪದದ ಕೆಲಸವನ್ನೋ, ವಿಶೇಷಣದ ಕೆಲಸವನ್ನೋ, ಕ್ರಿಯಾವಿಶೇಷಣದ ಕೆಲಸವನ್ನೋ ಮಾಡುತ್ತದೆ. ಇಬ್ಬರು ಅಣ್ಣತಮ್ಮಂದಿರಿದ್ದು, ಅವರಲ್ಲೊಬ್ಬನಿಗೆ ಅವಲಂಬಿಗಳೂ ಇದ್ದರೆ ಅದನ್ನು ಸಂಯೋಜಿತ-ಮಿಶ್ರವೆಂಬ ನಾಲ್ಕನೆಯ ಜಾತಿಗೆ ಸೇರಿಸುವುದುಂಟು.

ಪಂಡಿತರಲ್ಲಿಯೂ ಒಮ್ಮತವಿಲ್ಲ. ‘ಹಿ ಕೇಮ್ ಅಂಡ್ ಸ್ಯಾಟ್ ಡೌನ್’ ಎಂಬುದನ್ನು ಹಿಂದಿನ ವೈಯಾಕರಣರು ಸಂಕ್ಷಿಪ್ತ ಸಂಯೋಜಿತವೆಂದರು. ಕರ್ತೃವು ಒಬ್ಬನೇ ಆದುದರಿಂದ ಇಂದಿನ ಅನೇಕ ಪಠ್ಯಪುಸ್ತಕಗಳು ಅದನ್ನು ಸಾಮಾನ್ಯವೆನ್ನುತ್ತವೆ. ಹೀಗಿರುವಲ್ಲಿ ಮಗುವು ತಡವರಿಸಿದರೆ ಆಶ್ಚರ್ಯವೇನು?

ತೊಡಕಿಗೆ ಇನ್ನೂ ಆಳವಾದ ಕಾರಣವು ನಮ್ಮ ನುಡಿಯಲ್ಲಿಯೇ ಇದೆ. ಮೇಲಿನ ಮಾತನ್ನು ನಾವು ‘ಅವನು ಬಂದು ಕುಳಿತನು’ ಎನ್ನುತ್ತೇವೆ; ಪೂರ್ಣಕ್ರಿಯೆ ಒಂದೇ. ‘ನಿನ್ನೆ ಬಂದ ಹುಡುಗನು ಹಾಡಿದನು’ ಎಂಬಲ್ಲಿ ‘ಬಂದ’ ಎಂಬ ಕೃದಂತವೊಂದೇ ಸಾಕು; ಇಂಗ್ಲಿಷಿನಲ್ಲಾದರೋ ‘ಹೂ ಕೇಮ್ ಯೆಸ್ಟರ್‌ಡೇ’ ಎಂದು ಕರ್ತೃವನ್ನೂ ಪೂರ್ಣಕ್ರಿಯೆಯನ್ನೂ ಕೂಡಿಸಿ ಅಧೀನವಾಕ್ಯವನ್ನೇ ಕಟ್ಟುವುದು ವಾಡಿಕೆ. 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ ಮೊದಲಾದವುಗಳಿಗೆ ಪ್ರತ್ಯೇಕ ಪ್ರಕರಣಗಳನ್ನು ರಚಿಸಿದನು, ವಾಕ್ಯಭೇದಗಳಿಗೆ ಪ್ರಕರಣವನ್ನಿಡಲಿಲ್ಲ. ಇಂಗ್ಲಿಷಿನಲ್ಲಿ ಎರಡು ಮೂರು ಮನೆಗಳಾಗುವುದನ್ನು ಕನ್ನಡವು ಕೃದಂತಗಳ ಬಲದಿಂದ ಒಂದೇ ಸೂರಿನಡಿ ಇರಿಸುತ್ತದೆ. ಮನೆಯಲ್ಲಿ ಇಂಥ ವಾಕ್ಯಗಳನ್ನೇ ಕೇಳಿ ಬೆಳೆದ ಮಗುವಿಗೆ ಇಂಗ್ಲಿಷಿನ ಎಲ್ಲೆಕಟ್ಟುಗಳು ತಟ್ಟನೆ ಗೋಚರಿಸುವುದು ಹೇಗೆ?

ಆದುದರಿಂದ ಗೃಹಸ್ಥರಲ್ಲಿ ನಮ್ಮದೊಂದು ಬಿನ್ನಹ. ಸಂಯೋಜಕಗಳ ಪಟ್ಟಿಯನ್ನು ಉರುಹೊಡೆಯಿಸುವುದಕ್ಕೆ ಮೊದಲು ಮೂರು ಕೆಲಸಗಳನ್ನು ಮಾಡಿಸಿರಿ. ಪೂರ್ಣಕ್ರಿಯಾಪದಗಳಿಗೆಲ್ಲ ಅಡಿಗೆರೆ ಎಳೆಯಲಿ. ಪ್ರತಿಯೊಂದಕ್ಕೂ ಕರ್ತೃವನ್ನು ಹುಡುಕಲಿ. ಬಳಿಕ ಒಂದೊಂದು ತುಂಡನ್ನೂ ಬಿಡಿಯಾಗಿ ಗಟ್ಟಿಯಾಗಿ ಓದಿ, ಅದು ತಾನೇ ನಿಲ್ಲುವುದೋ, ಮತ್ತೊಂದನ್ನು ಕಾಯುವುದೋ ನೋಡಲಿ. ಅನಂತರ ಅದೇ ಅರ್ಥವನ್ನು ಕನ್ನಡದಲ್ಲಿ ಹೇಳಲಿ. ಎರಡು ಭಾಷೆಗಳು ಮನೆಕಟ್ಟುವ ರೀತಿ ಬೇರೆಯೆಂಬುದು ತಿಳಿದರೆ ಪಾಠವು ಹಗುರವಾಗುವುದು. ಮಗುವಿಗೆ ತನ್ನ ಬುದ್ಧಿಯಲ್ಲಿಯೂ ತಾಯ್ನುಡಿಯಲ್ಲಿಯೂ ಇರುವ ನಂಬಿಕೆಯು ಕೆಡದೆ ಉಳಿಯುವುದು.